ಎಡಗೈ ಹುರಿ

ಹಾಲಿನಂಥ ನೀರು, ಹಾಲಲ್ಲ, ಮೂರನೇ ಸಲ ಹಿಂಡಿದ ಕಾಯಿಹಾಲಿನಷ್ಟು ತೆಳು, ಲೇತ್ ಮೆಷಿನ್ನಿನ ಸಣ್ಣ ಕೊಳವೆಯ ತುದಿಯಲ್ಲಿ ಒಂದು ಹನಿ ದುಂಡಗಾಗುತ್ತದೆ, ತೂಗುತ್ತದೆ, ತಿರುಗುವ ಕಬ್ಬಿಣದ ಮೇಲೆ ಬಿದ್ದು ಸುಯ್ಯೆಂದು ಹೊಗೆಯಾಗುತ್ತದೆ, ಅಷ್ಟರಲ್ಲಿ ಇನ್ನೊಂದು — ತೋಂಟದಾರ್ಯನಿಗೆ ಅದರ ಮೇಲಿಂದ ಕಣ್ಣು ಕೀಳಲಾಗುತ್ತಿಲ್ಲ, ತಿಪಟೂರಿನ ಕೊಬ್ಬರಿ ಮಂಡಿಗಳ ಹಿಂದಿನ ಬೀದಿ, ಹೊರಗೆ ಬಿಸಿಲಿಗೆ ಕಾದ ಕೊಬ್ಬರಿಯ ಕಮಟು, ಒಳಗೆ ಸುಟ್ಟ ಕಬ್ಬಿಣದ ನಾತ, ಬೆಳಿಗ್ಗೆಯಿಂದ ಒಂದು ಲೋಟ ಕಾಫಿ ಬಿಟ್ಟರೆ ಏನೂ ಇಳಿದಿಲ್ಲ, ಇಳಿಯುವ ಹಾಗೂ ಇಲ್ಲ, ಕಾಲುಗಳ ನಡುವೆ ಗೋಣಿಚೀಲ, ಚೀಲದಲ್ಲಿ ದೋಣಿಯ ಸರಳು, ಇಂಜಿನ್ನಿನಿಂದ ನೀರಿನ ಫ್ಯಾನಿನವರೆಗೆ ಹೋಗುವ ಒಂದೇ ಉದ್ದನೆಯ ಸರಳು, ಈಗ ಎರಡು ತುಂಡು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಅವನೂ ಅದೇ ಮಾಡಲು ಬಂದಿದ್ದಾನೆ, ಮಾವ ಹೋದ ಮೇಲೆ ಸರಳು ತರುವುದಕ್ಕೆ. ಮಾವ ಹುಚ್ಚಣ್ಣ, ಹೆಂಡತಿ ಗಿರಿಜಾಂಬಿಕಾಳ ಅಪ್ಪ, ಎದೆ ಹಿಡಿದುಕೊಂಡು ದೋಣಿ ಹತ್ತಿದವನು ಕೆರೆಯ ನಟ್ಟನಡುವೆ ಹೋಗಿಬಿಟ್ಟ, ಸರಳು ಮುರಿದು ದೋಣಿ ನಿಂತಿತ್ತು, ಏರಿಯ ಮೇಲೆ ಆಂಬುಲೆನ್ಸ್ ಕಾಯುತ್ತಿತ್ತು, ಅದರ ಬಿಳಿ ಬಣ್ಣ, ಕೆಂಪು ಪಟ್ಟೆ, ಬಾಗಿಲು ತೆಗೆದು ನಿಂತ ಮನುಷ್ಯ, ಎಲ್ಲ ಕಾಣುತ್ತಿತ್ತು, ಕೈ ಬೀಸಿದರೆ ಅವನೂ ಕೈ ಬೀಸುತ್ತಿದ್ದ. ಮಗಳ ತೊಡೆಯ ಮೇಲೆ ಅಪ್ಪನ ತಲೆ. ಆಮೇಲೆ ಗಿರಿಜಾ ಗಂಡನೊಂದಿಗೆ ಆಡಿದ್ದು ಎರಡೇ ಮಾತು, ಒಂದು ಆವತ್ತೇ, ದೋಣಿಯಲ್ಲೇ, ಒಂದು ಸರಳು ನೆಟ್ಟಗೆ ಹಾಕಕ್ಕಾಗ್ಲಿಲ್ವಲ್ಲ ನಿಮ್ ಕೈಲಿ, ಇನ್ನೊಂದು ತವರು ಶೆಟ್ಟಿಕೆರೆಯಲ್ಲಿ ಮಣ್ಣು, ತಿಥಿ ಎಲ್ಲ ಮುಗಿಸಿ ಬಂದ ಮೇಲೆ, ಕಡ್ಡಿ ತುಂಡು ಮಾಡಿದ ಹಾಗೆ, ದೋಣಿ ಸರಿ ಮಾಡಿ ನನ್ನ ಆಚೆ ದಡಕ್ಕೆ ಬುಡಿ, ಅವ್ವನ ಜೊತೆ ಇದ್ಬುಡ್ತೀನಿ.

ಕೆರೆ ಸುತ್ತಿ ಮುಳ್ಳು ಹಾದಿಯಲ್ಲಿ ನಡೆದರೂ ಬಸ್ಸು ಸಿಗುತ್ತದೆ, ಸಿಗುತ್ತದೆ ಎಂದು ಅವಳಿಗೂ ಗೊತ್ತು, ತಿಥಿಗೆ ಹೋಗಿ ಬಂದದ್ದೇ ಆ ಹಾದಿಯಲ್ಲಿ, ಆದರೂ ದೋಣಿಯಲ್ಲೇ ಹೋಗಬೇಕು, ಅಪ್ಪ ದಾಟದೆ ಉಳಿದ ನೀರನ್ನು ತಾನು ದಾಟಬೇಕು, ಹಾಗೆಂದು ಅವಳು ಹೇಳಿದ್ದು ಹಸುವಿನ ಹತ್ತಿರ, ಇವನ ಹತ್ತಿರ ಅಲ್ಲ, ಕೊಟ್ಟಿಗೆಯ ಗೋಡೆ ಆಚೆಗೆ ನಿಂತು ಇವನು ಕೇಳಿಸಿಕೊಂಡದ್ದು, ಹೆಂಡತಿಯ ಮಾತನ್ನು ಹಸುವಿನ ಮೂಲಕ ಕೇಳಿಸಿಕೊಳ್ಳುವ ಗಂಡ, ಇಂಥ ಬಾಳೂ ಒಂದು ಬಾಳು. ಕೃಷ್ಣಕುಮಾರ ಲೇತು ನಿಲ್ಲಿಸಿದ, ಬಾಲ್ಯದ ಸ್ನೇಹಿತ, ಕಾಯಿ ಸುಲಿಯುವ ಮೆಷಿನ್ನಿಗೆ ಹಲ್ಲು, ಸರಳು ಮಾಡುವುದರಲ್ಲಿ ಸುತ್ತಮುತ್ತ ಹೆಸರು, ಬಾಯಿ ಮಾತ್ರ ಲೇತಿಗಿಂತ ಜೋರು, ತಿಪಟೂರಿಗೂ ಹಡಗು ಬಂತು ಅನ್ನು ಎಂದು ಶುರು ಮಾಡಿದವನು ಇವನ ಮುಖ ನೋಡಿ ಅರ್ಧಕ್ಕೆ ನುಂಗಿಕೊಂಡ, ಕೈ ಒರೆಸಿಕೊಂಡ, ತೆಗಿ ನೋಡಣ. ತೆಗೆದ. ನೆಲದ ಮೇಲೆ ಎರಡು ತುಂಡನ್ನು ಮುರಿದ ಬಾಯಿಗೆ ಬಾಯಿ ಕೂಡಿಸಿ ಮಲಗಿಸಿದರು, ಉದ್ದ ಹಿಡಿಯಬೇಕಲ್ಲ, ಮಲಗಿಸುವುದು ಎಂದರೆ ಈಗ ತೋಂಟದಾರ್ಯನಿಗೆ ಒಂದೇ ನೆನಪು, ದೋಣಿಯ ಹಲಗೆ, ಮಾವನ ಕತ್ತಿನ ಕೆಳಗೆ ಮಡಿಸಿಟ್ಟ ಟವೆಲ್ಲು.

ಕಬ್ಬಿಣದ್ದೇ ಬೇಕಾ ಬಿಳೀದು ಬೇಕಾ ಎಂದು ಕುಮಾರ ಕೇಳುತ್ತಾನೆ, ಸಾದಾ ಕಬ್ಬಿಣದ ಸರಳು ಮೂಲೆಯಲ್ಲಿ ರಾಶಿ ಇದೆ, ಈಗಲೇ ಕಡಿದುಕೊಡಬಹುದು, ಆದರೆ ನೀರಿನಲ್ಲಿ ಇರೋ ವಸ್ತು, ತುಕ್ಕು ತಿಂತದೆ, ಬಿಳಿಯದು ಎಂದರೆ ಸ್ಟೀಲು, ಡೈರಿಯವರ ಕೆಲಸಕ್ಕೆ ತರಿಸಿದ್ದರಲ್ಲಿ ಉಳಿದ ಒಂದು ತುಂಡಿದೆ, ನೆಟ್ಟಗಿದೆ, ತುಕ್ಕು ಮುಟ್ಟಲ್ಲ, ನಿನ್ನ ಮೊಮ್ಮಕ್ಕಳ ಕಾಲಕ್ಕೂ ಹಿಂಗೇ ಇರ್ತದೆ ಕಣ್ಲಾ. ಮೊಮ್ಮಕ್ಕಳು. ಮಕ್ಕಳೇ ಇಲ್ಲದ ಮನೆಯ ಮೊಮ್ಮಕ್ಕಳು. ಕುಮಾರ ನಾಲಿಗೆ ಕಚ್ಚಿಕೊಂಡದ್ದು ಕಂಡರೂ ಕಾಣದವನಂತೆ ತೋಂಟದಾರ್ಯ ಮೂಲೆಯ ರಾಶಿಯನ್ನೇ ನೋಡುತ್ತಾನೆ, ಸಾದಾ ಕಬ್ಬಿಣ, ಅಥವಾ ಸ್ಟೀಲೇ ಇರಲಿ, ಎರಡು ಬೆರಳು ಗಿಡ್ಡ ಹೇಳಿದರೆ ಸಾಕು, ಫ್ಯಾನು ಇಂಜಿನ್ನಿಗೆ ಮುಟ್ಟುವುದಿಲ್ಲ, ಅಯ್ಯೋ ಅಳತೆ ತಪ್ಪಿತು ಕಣೇ ಎಂದರೆ ಮತ್ತೆ ಒಂದು ವಾರ, ವಾರ ಕಳೆದರೆ ಫ್ಯಾನಿನ ತೂತಿಗೆ ಸರಳಿನ ಮೊನೆಯ ಇಳಿಜಾರು ಹೊಂದಲಿಲ್ಲ ಎನ್ನಬಹುದು, ಇನ್ನೊಂದು ವಾರ, ಆಮೇಲೆ ಫ್ಯಾನು ಹಿಡಿಯುವ ನಟ್ಟಿನ ಮರೆ, ಅಂದರೆ ತಿರುಪಿನ ಗೆರೆ, ಅದು ತಿರುಗುವ ದಿಕ್ಕಿಗೆ ಎದುರಾಗಿರಬೇಕು, ಇಲ್ಲದಿದ್ದರೆ ತಾನೇ ಕಳಚಿಕೊಂಡು ಕೆರೆ ಸೇರುತ್ತದೆ, ಅದಕ್ಕೊಂದು ವಾರ, ಸರಳು ತಪ್ಪುವುದಕ್ಕೆ ಎಷ್ಟು ದಾರಿಯಿದೆ ದೇವರೇ, ಅಷ್ಟೂ ವಾರ ಅವಳು ಅದೇ ಒಲೆಯ ಮುಂದೆ, ಮಾತಾಡದಿದ್ದರೂ ಅದೇ ಒಲೆಯ ಮುಂದೆ, ತಟ್ಟೆ ಇಟ್ಟು ಹೋಗುವ ಸದ್ದಾದರೂ ಕಿವಿಗೆ ಬೀಳುತ್ತಿತ್ತು. ಎಷ್ಟು ಉದ್ದ ಬರಕಳ್ಳಿ ಎಂದ ಕುಮಾರ, ಟೇಪಿನ ಅಂಕಿ ಓದುವ ತುದಿ ಇವನ ಕೈಗೆ ಕೊಟ್ಟು. ತೋಂಟದಾರ್ಯ ಬಾಯಿ ತೆರೆದ, ಗಿಡ್ಡದ್ದನ್ನೇ ಹೇಳುವವನಿದ್ದ, ಗಂಟಲಲ್ಲಿ ಮಾತು ಸಿದ್ಧವಾಗಿತ್ತು, ಹೇಳಿದ್ದು ಮಾತ್ರ ಸರಿಯಾದ ಅಳತೆ, ಅಂಗುಲಕ್ಕೆ ಅಂಗುಲ, ದೋಣಿ ಕಟ್ಟಿದವನು ತಾನೇ, ಮೋಸ ಮಾಡಲು ಹೋದರೂ ಬಾಯಿ ಕೇಳಲಿಲ್ಲ. ಬಿಳೀದೇ ಹಾಕು, ಎಂದ.

ಹೇಮಾವತಿ ನೀರು ಕೆರೆಗೆ ಬಂದ ವರ್ಷ ಕಟ್ಟಿದ ದೋಣಿ ಅದು. ಅಲ್ಲಿಯವರೆಗೆ ಕೆರೆ ಎಂದರೆ ಜಾಲಿ, ದನದ ಹೆಜ್ಜೆ, ನಡುವೆ ಗಾಡಿ ಜಾಡು, ಆ ಜಾಡಿನಲ್ಲೇ ತಮ್ಮ ತೋಟದ ಮನೆಯಿಂದ ಆಚೆ ದಡದ ಊರಿಗೆ ಹೋಗಿ ಬಂದವರು, ನೀರು ತುಂಬಿದ್ದೇ ಜಾಡು ಮುಳುಗಿತು, ಎಲ್ಲರೂ ಕೆರೆಗೆ ಬಾಗಿನ ಬಿಟ್ಟರು, ಇವನೂ ಬಿಟ್ಟ, ಮನೆಗೆ ಬಂದು ತೋಟದ ಹಳೆಯ ಡೀಸೆಲ್ ಇಂಜಿನ್ ಬಿಚ್ಚಿ ದೋಣಿಯ ಹೊಟ್ಟೆಯೊಳಗೆ ಕೂರಿಸಿದ, ಊರಿನವರು ನಕ್ಕರು, ಹುಚ್ಚಣ್ಣನ ಅಳಿಯನಿಗೂ ಹುಚ್ಚು ಹಿಡೀತು. ಹುಚ್ಚಣ್ಣ ಮಾತ್ರ ಒಂದು ದಿನಕ್ಕೆಂದು ಬಂದವನು ದೋಣಿ ಬಿಟ್ಟು ಹೋಗಲೇ ಇಲ್ಲ, ಶೆಟ್ಟಿಕೆರೆಯ ಹೊಲದಲ್ಲಿ ಮಳೆಗಾಗಿ ಮುಗಿಲು ನೋಡುತ್ತಾ ಕತ್ತು ನೋಯಿಸಿಕೊಂಡ ಮನುಷ್ಯ, ಇಷ್ಟು ನೀರನ್ನು ಒಟ್ಟಿಗೆ ಕಂಡವನಲ್ಲ, ದಿನಾ ಒಂದು ಸಲ ಆಚೆ ದಡ ಮುಟ್ಟಿ ಬರಬೇಕು, ಕೆಲಸವೇನಿಲ್ಲ, ಬೀಡಿ ತರಕ್ಕೆ ಅನ್ನುತ್ತಿದ್ದ, ಬೀಡಿ ಸೇದುವವನೇ ಅಲ್ಲ. ಅವನ ಜಾಗ ಹಿಂದುಗಡೆ, ಸರಳು ದೋಣಿಯ ತಳ ತೂರಿ ನೀರಿಗೆ ಇಳಿಯುವ ಕಡೆ, ಅಲ್ಲೊಂದು ಗ್ಲ್ಯಾಂಡು, ಪಂಪಿನಲ್ಲಿರುವಂಥದೇ, ಸರಳಿನ ಸುತ್ತ ಎಣ್ಣೆದಾರ ಸುತ್ತಿ ಮೇಲೆ ನಟ್ಟು ಬಿಗಿಯುವುದು, ಅದರ ತುಟಿಯಿಂದ ಹನಿ ಹನಿ ನೀರು ಒಳಗೆ ತೊಟ್ಟಿಕ್ಕುತ್ತಲೇ ಇರಬೇಕು, ಆ ಹನಿಯೇ ಸರಳನ್ನು ತಣ್ಣಗಿಡುವುದು, ಪೂರ್ತಿ ಬಿಗಿದರೆ ಸರಳು ಒಣಗಿ ಕಾಯುತ್ತದೆ, ಕಾದರೆ ಗ್ಲ್ಯಾಂಡಿನೊಳಗಿನ ಕತ್ತು ಸವೆದು ಮುರಿಯುತ್ತದೆ, ಪಂಪು ತಿರುಗಿಸಿದವರಿಗೆಲ್ಲ ಗೊತ್ತಿರುವ ವಿಷಯ, ಗಿರಿಜಾಳಿಗೆ ಗೊತ್ತಿರಲಿಲ್ಲ. ಅಪ್ಪನ ಕಾಲು ನೆನೀತದೆ ಕಣ್ರೀ, ಮೊದಲೇ ಜೋಮು ಹಿಡಿಯೋ ಕಾಲು, ಅದೇನು ಸೋರ್ತದೆ ನೋಡಿ ಒಂದೀಟು. ನಾಳೆ ನೋಡ್ತೀನಿ ಬುಡು. ಮತ್ತೆ ಕೇಳಿದಳು, ಮತ್ತೆ ನಾಳೆ. ನೊಣವಿನಕೆರೆ ಕಡೆ ಕಾಯಿ ಕೀಳಿಸುವ ಕೆಲಸ, ಹೊರಡುವ ಗಡಿಬಿಡಿಯಲ್ಲಿ ಅದು ಸೋರಬೇಕು ಕಣೇ ಎಂಬ ಮೂರು ಪದ ಅವನ ಬಾಯಿಂದ ಬರಲಿಲ್ಲ, ಹುಚ್ಚಣ್ಣನೇ ಬಂದ ಮಗಳ ಬಾಯಿ ಮುಚ್ಚಿಸಲು, ತಣ್ಣಗೈತೆ ಕಣವ್ವ, ಇರ್ಲಿ ಬುಡು, ಕೆರೆಯೇ ಬಂದು ಕಾಲು ತೊಳೀತದೆ. ಕಾಲು ಚಾಚಿ, ಹನಿ ಬೀಳುವ ಕಡೆ ಹೆಬ್ಬೆರಳು ಇಟ್ಟು, ಮಗುವಿನ ಹಾಗೆ ನಗುತ್ತಿದ್ದ, ಹನಿ ತುಟಿಯಲ್ಲಿ ದುಂಡಗಾಗಿ, ತೂಗಿ, ಹೆಬ್ಬೆರಳ ಉಗುರಿಗೆ — ತೊಟ್.

ಯಾವನ್ಲಾ ಇದು ಮಾಡಿದ್ದು, ಎಂದ ಕುಮಾರ. ಮುರಿದ ಕತ್ತಿಗೆ ಗ್ಲ್ಯಾಂಡಿನ ಕರಿ ಕಚ್ಚಿಕೊಂಡು ಬಂದಿತ್ತು, ಸ್ಕ್ರೂಡ್ರೈವರಿನಿಂದ ಕೆರೆದು ತೆಗೆಯುತ್ತಿದ್ದ, ಇಲ್ಲಿ ನೋಡು, ಉಗುರು ಹೋಗುವಷ್ಟು ಹಳ್ಳ, ಸುಟ್ಟು ನೀಲಿಯಾಗಿದೆ, ನಾನು ದಪ್ಪದ ಅಳತೆಯನ್ನು ಈ ಸವೆದ ಕಡೆ ತಗೊಂಡಿದ್ದರೆ ನಿನಗೆ ಸವೆದ ಸರಳೇ ಸಿಗ್ತಿತ್ತು, ಒಳ್ಳೆ ಕಡೆ ಹಿಡಿದಿದೀನಿ ಬುಡು, ಆದ್ರೆ ಇದು ಹಳೇದಾಗಿ ಮುರಿದಿದ್ದಲ್ಲ ಕಣ್ಲಾ, ಯಾರೋ ಉಸಿರು ಕಟ್ಟಿಸವ್ರೆ. ಕೆರೆದದ್ದು ಸುರುಳಿಯಾಗಿ ಬಂತು, ಕರಿ ಎಣ್ಣೆದಾರ, ಅದು ತೋಂಟದಾರ್ಯನೇ ಹಾಕಿದ್ದು, ಅದರ ಮೇಲೆ ಇನ್ನೊಂದು ಸುತ್ತು, ಅದು ಇವನು ಹಾಕಿದ್ದಲ್ಲ, ತೆಂಗಿನ ನಾರಿನ ಹುರಿ, ಅರ್ಧ ಸುಟ್ಟದ್ದು, ಬಿಗಿದೂ ಬಿಗಿದೂ ಕಲ್ಲಾದದ್ದು. ನಾರು ತುರುಕವ್ರಲ್ಲೋ, ಇದೇನು ಗ್ಲ್ಯಾಂಡೋ ಹೋರಿ ಮೂಗೋ, ಎಂದು ಕುಮಾರ ಅದನ್ನು ಅಂಗೈಯಲ್ಲಿಟ್ಟ. ತೋಂಟದಾರ್ಯ ನೋಡಿದ. ಬೆಳಕಿಗೆ ಹಿಡಿದು ನೋಡಿದ. ಸೀಮೆಯಲ್ಲಿ ಹುರಿ ಹೊಸೆಯದ ಮನೆಯಿಲ್ಲ, ಎಲ್ಲರ ಹುರಿಯೂ ಒಂದೇ ಕಡೆ ಸುತ್ತುತ್ತದೆ, ಇದು ಎದುರು ಸುತ್ತಿತ್ತು.

ಮದುವೆಯಾಗಿ ಬಂದ ಹೊಸದರಲ್ಲಿ ಬಾವಿ ಹಗ್ಗಕ್ಕೆ ಇವನ ಅವ್ವನೂ ಅವಳೂ ಜಗುಲಿಯಲ್ಲಿ ಕೂತು ಹುರಿ ಹೊಸೆದಿದ್ದರು, ಅತ್ತೆಯದೊಂದು ಎಳೆ ಸೊಸೆಯದೊಂದು ಎಳೆ, ಎರಡನ್ನೂ ಸೇರಿಸಿ ಹಗ್ಗ ಮಾಡಿದರೆ ಮೊದಲನೇ ಕೊಡಕ್ಕೇ ಬಿಚ್ಚಿಕೊಂಡು ಕೊಡ ಬಾವಿಯ ಪಾಲು, ಗಿರಿಜಾ ಎಡಗೈಯವಳು, ತೊಡೆಯ ಮೇಲೆ ಎಡಗೈಯಲ್ಲಿ ಉಜ್ಜಿದರೆ ಹುರಿ ಹಿಂದುಮುಂದು, ಅತ್ತೆ ನಕ್ಕಿದ್ದೇ ನಕ್ಕಿದ್ದು, ಊರಿಗೆಲ್ಲ ಒಂದು ದಾರಿ ಆದ್ರೆ ಎಡವಟ್ಟಿಗೇ ಒಂದು ದಾರಿ, ಹುಚ್ಚಣ್ಣ ಮಗಳ ಪರ, ನನ್ ಮಗಳು ಹೊಸೆದಿದ್ದು ನನ್ ಮಗಳು ಹೊಸೆದಿದ್ದರ ಜೊತೇಲೇ ನಿಲ್ಲೋದು, ಬ್ಯಾರೆಯವ್ರದ್ದು ಸೇರಿಸ್ಬೇಡಿ. ಆವತ್ತಿನಿಂದ ಆ ಮನೆಯಲ್ಲಿ ಅವಳ ಹುರಿ ಬೇರೆ ಸುತ್ತಿ ಇಡುತ್ತಾರೆ. ಬೇರೆ ಯಾರದೂ ಇರಲಾರದು. ಇವನು ನೊಣವಿನಕೆರೆಯಲ್ಲಿದ್ದಾಗ, ದೋಣಿಯನ್ನು ಅವಳೇ ನಡೆಸುತ್ತಿದ್ದಾಗ, ಕೂತಿರುತ್ತಾಳೆ ಅಲ್ಲಿ, ಮೊಣಕಾಲೂರಿ, ನಟ್ಟು ಬಿಚ್ಚಿ, ಅಪ್ಪನ ಕಾಲು ನೆನೆಯದಿರಲಿ ಎಂದು ತನ್ನ ಕೈಯಾರೆ ಹೊಸೆದ ಹುರಿಯನ್ನು ಸುತ್ತಿ ಸುತ್ತಿ ತುಂಬಿ, ಸ್ಪ್ಯಾನರಿಗೆ ಮೈಭಾರ ಬಿಟ್ಟು ಬಿಗಿದಿರುತ್ತಾಳೆ, ಹನಿ ನಿಂತದ್ದು ನೋಡಿ ಹಿಗ್ಗಿರುತ್ತಾಳೆ, ಗಂಡನ ನಾಳೆಯನ್ನು ತಾನು ಇವತ್ತೇ ಮಾಡಿದೆ ಎಂದು. ಅವನಿಗೆ ಈಗ ನೆನಪಾಗುತ್ತದೆ, ಅಯ್ಯೋ ಶಿವನೇ ಈಗ ನೆನಪಾಗುತ್ತದೆ, ಆವತ್ತು ಎದೆ ಹಿಡಿದು ಬೆವರುತ್ತಾ ಕೂತ ಮಾವ ಕಾಲು ಚಾಚಿದ್ದ, ಹೆಬ್ಬೆರಳು ಅದೇ ಜಾಗಕ್ಕೆ, ಸ್ವಲ್ಪ ಹೊತ್ತು ಕಾದು, ಇವತ್ಯಾಕೋ ಕಾಲಿಗೆ ನೀರೇ ಬರ್ಲಿಲ್ಲವಲ್ಲ ಎಂದಿದ್ದ, ನೋವಿನಲ್ಲಿ ಏನೋ ಬಡಬಡಿಸುತ್ತಾನೆ ಎಂದುಕೊಂಡರು ಇಬ್ಬರೂ, ಗಿರಿಜಾ ಅಪ್ಪನ ಬಾಯಿಗೆ ಚೊಂಬಿನ ನೀರು ಹಿಡಿದಳು. ಅದಾದ ಮೇಲೆ ಸರಳು ಕಿರುಚಿತು. ಇಂಜಿನ್ ಹಗುರಾಗಿ ಅರಚಿ ಓಡಿತು, ದೋಣಿ ಮಾತ್ರ ನಿಂತಲ್ಲೇ, ಇವನು ತೆಂಗಿನ ಹೆಡೆಮಟ್ಟೆಯನ್ನೇ ಹುಟ್ಟು ಮಾಡಿಕೊಂಡು ನೀರು ಬಗೆದ, ಬಗೆದ, ಏರಿಯ ಮೇಲೆ ಬಿಳಿ ಗಾಡಿ ಇದ್ದಲ್ಲೇ ಇತ್ತು.

ಮನೆಗೆ ಹೋಗಿ ಇದನ್ನು ಅವಳ ಮುಂದೆ ಇಟ್ಟರೆ ಆಯಿತು. ಮಾತೂ ಬೇಡ. ಒಲೆಯ ಪಕ್ಕ ಇಟ್ಟರೆ ಅವಳೇ ನೋಡುತ್ತಾಳೆ, ಅವಳ ಹುರಿ ಅವಳಿಗೆ ಗೊತ್ತಾಗದೇ, ನಿಮ್ ಕೈಲಿ ಆಗ್ಲಿಲ್ವಲ್ಲ ಎಂದದ್ದು ಅಲ್ಲೇ ಸುಟ್ಟುಹೋಗುತ್ತದೆ, ಚೀಲ ಕಟ್ಟಿದವಳು ಬಿಚ್ಚುತ್ತಾಳೆ, ಹೋಗುವುದಿಲ್ಲ, ಇವನ ಮೇಲಿನ ಕೋಪಕ್ಕೆ ತಾನೇ ಹೊರಟಿದ್ದು, ಕೋಪ ಹೋದರೆ ಹೋಗುವ ಕಾರಣವೂ ಹೋಯಿತು — ಆಮೇಲೆ? ಆಮೇಲೆ ಅವಳು ಯಾವ ಕೈಯಲ್ಲಿ ಉಣ್ಣುತ್ತಾಳೆ, ಯಾವ ಕೈಯಲ್ಲಿ ಹಸು ಕರೆಯುತ್ತಾಳೆ, ಆ ಎಡಗೈ ದಿನಾ ಅವಳ ಮುಂದೆಯೇ ಇರುತ್ತದಲ್ಲ. ಗಂಡನನ್ನು ಬಿಟ್ಟು ಅವ್ವನ ಮನೆಗೆ ಹೋಗಬಹುದು, ಕೈ ಬಿಟ್ಟು ಎಲ್ಲಿಗೆ ಹೋಗುತ್ತಾಳೆ. ಕುಮಾರ ಕೇಳುತ್ತಿದ್ದಾನೆ, ಯಾರ್ಲಾ ಹಿಂಗೆ ಮಾಡಿದ್ದು, ಗೊತ್ತಾ. ಲೇತಿನ ಕೊಳವೆಯಲ್ಲಿ ಮತ್ತೆ ಹನಿ ದುಂಡಗಾಗುತ್ತಿತ್ತು. ನಾನೇ ಕಣ್ಲಾ, ಎಂದ ತೋಂಟದಾರ್ಯ, ಸೋರ್ತಿತ್ತು ಅಂತ ತುಂಬಿದ್ದೆ. ಕುಮಾರ ನಂಬಲಿಲ್ಲ, ಊರಿಗೆಲ್ಲ ಪಂಪು ರಿಪೇರಿ ಮಾಡುವವನು ನಾರು ತುರುಕುತ್ತಾನಾ, ನಂಬಲಿಲ್ಲ ಎಂಬುದು ಮುಖದಲ್ಲಿ ಕಂಡಿತು, ಬಿಳಿ ಸರಳನ್ನು ಲೇತಿಗೆ ಕಚ್ಚಿಸಿದ. ಹುರಿಯ ಸುರುಳಿ ತೋಂಟದಾರ್ಯನ ಜೇಬಿಗೆ ಹೋಯಿತು.

ಜೇಬಿನಲ್ಲೇ ಇದೆ ಈಗಲೂ, ಎದೆಗೆ ಚುಚ್ಚುತ್ತದೆ, ಎಲ್ಲಿ ಹಾಕುವುದು, ಒಲೆಗೆ ಹಾಕೋಣವೆಂದರೆ ಒಲೆಯ ಮುಂದೆ ಅವಳಿದ್ದಳು, ನೀರಿಗೆ ಎಸೆಯುವ ಹಾಗಿಲ್ಲ, ನಾರು ಮುಳುಗುವುದಿಲ್ಲ, ದೋಣಿಯ ಜೊತೆಜೊತೆಗೇ ತೇಲಿಕೊಂಡು ಬಂದರೆ, ಬೇಡ, ಇರಲಿ ಜೇಬಲ್ಲೇ. ದೋಣಿಯಡಿ ಹೊಸ ಸರಳು ತಿರುಗುತ್ತಿದೆ, ಸದ್ದೇ ಇಲ್ಲ, ಕುಮಾರನ ಕೆಲಸಕ್ಕೆ ಹೆಸರಿಡುವ ಹಾಗಿಲ್ಲ, ಒಂದು ಕೂದಲೆಳೆ ಸೊಟ್ಟವಿಲ್ಲ, ಕೆರೆ ಬೆಳಗಿನ ಬಿಸಿಲಲ್ಲಿ ಹರಡಿಕೊಂಡಿದೆ, ಇಷ್ಟು ಚೆನ್ನಾಗಿ ಓಡಬೇಡ ಎಂದು ದೋಣಿಗೆ ಹೇಳಬೇಕೆನಿಸುತ್ತದೆ, ಆಚೆ ದಡ ಆಗಲೇ ದೊಡ್ಡದಾಗುತ್ತಿದೆ, ಏರಿ, ಏರಿಯ ಮೇಲಿನ ಅರಳಿಮರ, ಶೆಟ್ಟಿಕೆರೆ ಕಡೆಯ ಬಸ್ಸಿಗೆ ಕಾಯುವ ಜನ. ಗಿರಿಜಾ ಹಿಂದುಗಡೆ ಕೂತಿದ್ದಾಳೆ, ಅಪ್ಪನ ಜಾಗದಲ್ಲಿ, ಬೇಕೆಂದೇ, ಮಡಿಲಲ್ಲಿ ಬಟ್ಟೆ ಚೀಲ, ಮುಖ ನೀರಿನ ಕಡೆ. ಕೆರೆಯ ನಟ್ಟನಡು ಬಂತು. ಇಲ್ಲೇ. ಅವಳಿಗೂ ಗೊತ್ತು, ಇವನಿಗೂ ಗೊತ್ತು, ನೀರಿನ ಮೇಲೆ ಗುರುತು ಎಲ್ಲಿಂದ ಬರಬೇಕು, ಆದರೂ ಇಲ್ಲೇ. ಅವಳು ಕೈ ಮುಗಿಯುತ್ತಾಳೆ, ಕೈ ಇಳಿಸುತ್ತಾಳೆ, ಆಗ ತೊಟ್ಟೆಂದು ಅವಳ ಕಾಲಿಗೆ.

ನೋಡಿದಳು. ಹೊಸ ದಾರ, ಹೊಸ ನಟ್ಟು, ಅದರ ತುಟಿಯಲ್ಲಿ ಇನ್ನೊಂದು ಹನಿ. ಎಷ್ಟು ಬೇಕೋ ಅಷ್ಟೇ ಸಡಿಲ ಬಿಟ್ಟಿದ್ದಾನೆ, ನಿನ್ನೆಯಿಡೀ ಅದರ ಮುಂದೆ ಕೂತು ಹದ ಮಾಡಿದ್ದು. ಇನ್ನೂ ಸೋರ್ತೈತಲ್ಲ, ಎಂದಳು ಗಿರಿಜಾ, ಅದು ಅವಳ ಮೂರನೇ ಮಾತು, ಆಡಿದವಳೇ ಬಗ್ಗಿ ಹಲಗೆಯ ಕೆಳಗಿನ ಸ್ಪ್ಯಾನರು ತೆಗೆದುಕೊಂಡಳು, ಎಡಗೈಯಲ್ಲಿ, ಅದು ಎಲ್ಲಿರುತ್ತದೆಂದು ಹುಡುಕಬೇಕಾಗಿಯೂ ಬರಲಿಲ್ಲ ಅವಳಿಗೆ, ನಟ್ಟಿಗೆ ಹಚ್ಚಿದಳು, ಚುಕ್ಕಾಣಿ ಬಿಟ್ಟು ಇವನು ಅವಳ ಮಣಿಕಟ್ಟು ಹಿಡಿದ. ಎಷ್ಟು ಕಾಲವಾಯಿತು ಈ ಕೈ ಹಿಡಿದು. ಬಿಸಿಯಾಗಿದೆ, ಒರಟಾಗಿದೆ, ಹುರಿ ಹೊಸೆದ ಗೆರೆ ಹೆಬ್ಬೆರಳಿನ ಬುಡದಲ್ಲಿ.

ಬೇಡ ಕಣೇ.

ಯಾಕೆ, ಎಂದಳು, ಮುಖ ನೋಡಿ, ಅಪ್ಪ ಹೋದ ಮೇಲೆ ಮೊದಲ ಸಲ ಮುಖ ನೋಡಿ ಕೇಳಿದಳು. ಯಾಕೆ. ಅದು ಸೋರಬೇಕು ಕಣೇ, ಮೂರೇ ಪದ, ಆವತ್ತು ಬಾಯಿಗೆ ಬಾರದ ಅದೇ ಮೂರು ಪದ ಈಗ ತುಟಿಗೇ ಬಂದು ಕೂತಿವೆ, ಹೇಳಿದರೆ ಅವಳು ಸೋರದಿದ್ದರೆ ಏನಾಗುತ್ತದೆ ಎಂದು ಕೇಳುತ್ತಾಳೆ, ಕೇಳುವುದೂ ಬೇಡ, ಅವಳು ದಡ್ಡಿಯಲ್ಲ, ಕಾಲಿಗೆ ನೀರೇ ಬರ್ಲಿಲ್ಲವಲ್ಲ ಎಂದ ಅಪ್ಪನ ಮಾತು ಅವಳಿಗೂ ನೆನಪಿದೆ, ಅಷ್ಟು ಸಾಕು. ಜೇಬಿನಲ್ಲಿ ಹುರಿ ಚುಚ್ಚಿತು. ನಂಗೆ ನೆಟ್ಟಗೆ ಕೂರಿಸಕ್ಕೆ ಬರಲಿಲ್ಲ ಕಣೇ, ಎಂದ, ಬಿಗಿ ಮಾಡಿದ್ರೆ ಮರೆ ಹೋಗ್ತದೆ, ಸೋರ್ಲಿ ಬುಡು. ಅವಳು ಅವನನ್ನೇ ನೋಡುತ್ತಿದ್ದಳು, ಏನೋ ಬೇರೆ ಮಾತು ಬರುತ್ತದೆಂದು ಕಾದವಳ ಹಾಗೆ, ಕೊನೆಗೆ ಸ್ಪ್ಯಾನರು ಕೆಳಗಿಟ್ಟಳು. ಇವತ್ತಿಗೂ ನಿಮ್ ಕೈಲಿ ಆಗ್ಲಿಲ್ಲ. ಆಗ್ಲಿಲ್ಲ ಕಣೇ. ಆದರೆ ಕಾಲು ತೆಗೆಯಲಿಲ್ಲ ಅವಳು, ಅದೊಂದನ್ನು ನೋಡಿದ, ಅಪ್ಪನ ಹಾಗೆಯೇ ಕಾಲು ಚಾಚಿದಳು, ಹನಿ ಬೀಳುವ ಕಡೆಗೆ, ದಡ ಬರುವವರೆಗೂ ಬಿದ್ದದ್ದೆಲ್ಲ ಅವಳ ಕಾಲಿಗೇ ಬಿತ್ತು.

ದಡ ಬಂತು. ಚೀಲ ತಲೆಗಿಟ್ಟಳು, ಇಳಿದಳು, ಕೈ ಕೊಡಲು ಹೋದರೆ ಕಾಣದವಳಂತೆ ಕಲ್ಲು ಹಿಡಿದು ಹತ್ತಿದಳು, ಏರಿಯ ಮೇಲೆ ಅವಳ ಹಸಿ ಹೆಜ್ಜೆ, ಒಂದು ಹಸಿ ಒಂದು ಒಣ, ಬಿಸಿಲು ಕುಡಿಯುತ್ತಾ ಬಂತು, ಬಸ್ಸಿನ ಹಾರನ್ನು, ತಿರುಗಿ ನೋಡಿದಳೋ ಇಲ್ಲವೋ, ಅರಳಿಮರ ಅಡ್ಡ ಬಂತು, ಕೂಗಬಹುದಿತ್ತು, ಗಿರಿಜಾ ಅದು ನನ್ನ ತಪ್ಪಲ್ಲ ಕಣೇ ಎಂದು ಒಂದು ಕೂಗು, ಬಸ್ಸು ನಿಂತೇ ಇತ್ತು ಇನ್ನೂ, ಜೇಬಿಗೆ ಕೈ ಹೋಯಿತು, ಹುರಿಯನ್ನು ಹಿಡಿದುಕೊಂಡಿತು, ಹಿಡಿದುಕೊಂಡೇ ಇತ್ತು, ಬಸ್ಸು ಹೊರಟಿತು. ಇಂಜಿನ್ ಆರಿಸಿದ್ದಾನೆ, ಸರಳು ನಿಂತಿದೆ, ನೆಟ್ಟಗಿದೆ, ಹೊಳೆಯುತ್ತಿದೆ, ಸರಿಯಾದ ಸರಳು, ಅದರ ಕತ್ತಿನಲ್ಲಿ ನಟ್ಟು, ನಟ್ಟಿನ ತುಟಿಯಲ್ಲಿ ಒಂದು ಹನಿ, ಕೆಳಗೆ ಹಲಗೆಯ ಮೇಲೆ ಅವಳ ಪಾದವಿದ್ದಷ್ಟು ಜಾಗ ಒಣದಾಗಿಯೇ ಉಳಿದಿದೆ, ಸುತ್ತ ಹಸಿ, ನಡುವೆ ಪಾದದಷ್ಟು ಒಣ, ಹನಿ ದುಂಡಗಾಗುತ್ತಿದೆ, ತೂಗುತ್ತಿದೆ, ಇನ್ನೂ ಬಿದ್ದಿಲ್ಲ, ಅದರ ಕೆಳಗೆ ಕಾಲಿಲ್ಲ, ಒಂದು ಹನಿ, ಇನ್ನೂ ಬಿದ್ದಿಲ್ಲ